ಗಾಲಿಗೆ ಕೊಟ್ಟ ಕಲ್ಲು

ಇವತ್ತು ಮುಂಜಾನೆ ಬಾಗಿಲ ಬಾಜೂಕಿನ ಕಲ್ಲಿಗೆ ಎಡಗಾಲಿನ ಹೆಬ್ಬೆರಳು ಎಡವಿಕೊಂಡೆ. ಕಣ್ಣಲ್ಲಿ ನೀರು ಬಂತು. ಆದರೂ ಆ ಕಲ್ಲನ್ನು ಬೈಯಲು ಬಾಯಿ ಬರಲಿಲ್ಲ. ತೆಂಗಿನಕಾಯಿಯಷ್ಟು ದಪ್ಪ, ಒಂದು ಮಗ್ಗುಲು ಚಪ್ಪಟೆ, ಸಾದಾ ಕರಿಕಲ್ಲು. ಹೋದ ವರ್ಷ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಾನು ಶಾಲೆಗೆ ಹೋಗುವ ಏರಿನಲ್ಲಿ ಮೊಮ್ಮಗಳ ಹಿಂದೆ ಓಡಾಡಿದವನು. ಯಾಕೆ ಅಂತ ಹೇಳುತ್ತೇನೆ. ನಗುವುದಿದ್ದರೆ ಪೂರ್ತಿ ಕೇಳಿಸಿಕೊಂಡು ನಗಿರಿ.

ಮೊಮ್ಮಗಳೆಂದರೆ ಪವಿತ್ರಾ, ನಮ್ಮ ಮಗನ ಮಗಳು, ಮನೆಮಂದಿಗೆಲ್ಲ ಪವಿ. ಮೇವಿನ ಬಣವಿಯ ಮೇಲಿಂದ ಜಾರಿ ಎಡಗಾಲು ಮುರಿದುಕೊಂಡಳು. ಪ್ಲಾಸ್ಟರ್ ಬಿಚ್ಚಿದ ಡಾಕ್ಟರು, “ಎಲುಬು ಅಗದಿ ಚಲೋ ಕೂಡೇತಿ, ಇನ್ನ ಓಡ್ಯಾಡ್ಲಿ” ಅಂದರು. ಓಡಾಡುವುದೆಲ್ಲಿಂದ ಬಂತು. ಗೋಡೆ ಹಿಡಿದು ಬಲಗಾಲಿನ ಮೇಲೆ ಭಾರ ಹಾಕುವಳು, ಎಡಗಾಲನ್ನು ಬೇರೆಯವರದೇನೋ ಎನ್ನುವ ಹಾಗೆ ಎಳೆದುಕೊಂಡು ಬರುವಳು. ಆಟವಿಲ್ಲ, ಗೆಳತಿಯರ ಮನೆಯಿಲ್ಲ. ಅಪ್ಪನ ಬೈಕಿನ ಮೇಲೆ ಶಾಲೆಗೆ ಹೋಗಿ, ಅದೇ ಬೈಕಿನ ಮೇಲೆ ತಿರುಗಿ ಬರುವುದು. ಹುಡುಗಿ ಹೀಗೆಯೇ ಉಳಿದುಬಿಟ್ಟರೆ ಎಂಬ ಹೆದರಿಕೆ ಮನೆಯಲ್ಲಿ ಎಲ್ಲರಿಗೂ ಇತ್ತು, ಯಾರೂ ಬಾಯಿ ಬಿಟ್ಟು ಆಡಲಿಲ್ಲ. ನಾನು ಮಾತ್ರ ಹಿಂದೆ ಬಿದ್ದು ಹೇಳುತ್ತಿದ್ದೆ, “ಎಡಗಾಲ ಊರ ನಮ್ಮವ್ವಾ, ಏನೂ ಆಗೂದಿಲ್ಲ.”

“ನಿನಗೇನ ಗೊತ್ತಜ್ಜಾ, ಮುರದದ್ದು ನಂದು.”

ಶಾಲೆಗೆ ಸೂಟಿ ಬಿದ್ದಾಗ ಹುಬ್ಬಳ್ಳಿಯಿಂದ ಅವಳ ಸೋದರಮಾವ ಒಂದು ಗಾಡಿ ತಂದ. ಮೂರು ಗಾಲಿ. ಮುಂದೊಂದು, ಹಿಂದೆರಡು. ಸೀಟಿಲ್ಲ, ಪೆಡಲಿಲ್ಲ, ಚೈನಿಲ್ಲ. ಹಿಂದಿನ ಎರಡು ಗಾಲಿಗಳ ಹತ್ತಿರ ಪಾದ ಇಡುವಷ್ಟು ಒಂದೊಂದು ಹಲಗೆ. ಅದರ ಮೇಲೆ ನಿಂತು, ಎದುರಿನ ಉದ್ದನೆಯ ಹ್ಯಾಂಡಲ್ ಹಿಡಿದು, ಮೈಯನ್ನು ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ವಾಲಿಸಬೇಕು. ಹಾವು ಹರಿದ ಹಾಗೆ ಸೊಟ್ಟಸೊಟ್ಟ ಓಡುತ್ತದೆ.

“ಎತ್ತಿಲ್ಲ, ಎಂಜಿನ್ನಿಲ್ಲ, ಎಳಿಯಾವ್ರ ಯಾರೋ ತಮ್ಮಾ?” ಅಂದೆ.

“ಆಕಿ ಕಾಲನ ಎಳೀತಾವ್ರಿ ಮಾವಾರ. ಸಪಾಟ ರಸ್ತಾದಾಗ ಹೆಂಗರೆ ನಡೀತೇತಿ. ಏರ ಹತ್ತಬೇಕಂದ್ರ ಎರಡೂ ಕಾಲು ಬೇಕ್ರಿ” ಅಂದ ಅವನು.

ಅವನು ಹೇಳಿದ್ದೇ ಆಯಿತು. ಬಸ್‌ಸ್ಟ್ಯಾಂಡಿನ ಮುಂದಿನ ಸಪಾಟು ರಸ್ತೆಯಲ್ಲಿ ಪವಿ ಬೇಗ ಕಲಿತಳು. ಏರಿಗೆ ಬಂದರೆ ಮಾತ್ರ ಗಾಡಿ ಬಲಕ್ಕೇ ತಿರುಗಿ ತಿರುಗಿ ಗಟಾರದ ದಂಡೆಗೆ ಹೋಗುತ್ತಿತ್ತು. ಎಡಕ್ಕೆ ತಿರುಗಬೇಕಾದರೆ ಎಡ ಹಲಗೆಯನ್ನು ಒತ್ತಬೇಕಲ್ಲ, ಆ ಕಾಲನ್ನು ಅವಳು ಊರುತ್ತಲೇ ಇರಲಿಲ್ಲ. ಆದರೂ ಹಟ ಹಿಡಿದಳು. ಸೂಟಿ ಮುಗಿಯುವುದರೊಳಗೆ ತಾನೇ ಏರು ಹತ್ತಿ ಶಾಲೆಗೆ ಹೋಗಬೇಕು, ಅಪ್ಪನ ಬೈಕು ಬೇಡ.

ಇಲ್ಲಿ ನನ್ನ ಕಲ್ಲು ಬಂತು. ನಮ್ಮದು ಕಲಘಟಗಿ ಕಡೆಯ ಊರು, ನೆಲ ಒಂದು ಕಡೆ ಎದ್ದರೆ ಇನ್ನೊಂದು ಕಡೆ ಇಳಿಯುತ್ತದೆ. ಗೋವಿನಜೋಳ ಹೇರಿದ ಚಕ್ಕಡಿ ಏರಿನಲ್ಲಿ ಬರುವಾಗ ಎತ್ತು ದಣಿದು ನಿಂತರೆ, ಹಿಂದೆ ನಡೆಯುವವನು ಓಡಿಬಂದು ಗಾಲಿಗೆ ಕಲ್ಲು ಕೊಡಬೇಕು. ಇಲ್ಲದಿದ್ದರೆ ಚಕ್ಕಡಿ ಹಿಂದಕ್ಕೆ ಉರುಳಿ ಎತ್ತುಗಳನ್ನೂ ಎಳೆದುಕೊಂಡು ಹೋಗುತ್ತದೆ. ನಮ್ಮಪ್ಪ ಚಕ್ಕಡಿ ಹೊಡೆಯುತ್ತಿದ್ದ, ಕಲ್ಲು ಕೊಡುವವನು ನಾನು. ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟದ್ದೂ ಇದಕ್ಕೇ. ಈ ವಿದ್ಯೆಯೊಂದನ್ನು ಮಾತ್ರ ನಾನು ಪಾಸಾಗಿದ್ದೇನೆ. ಹೀಗಾಗಿ ಪವಿಯ ಹಿಂದೆ ಕಲ್ಲು ಹಿಡಿದು ಹೊರಟೆ. ಕೈಯಲ್ಲಿ ಬ್ರೇಕು ಇದೆ ಅಂತ ಅವಳು ತೋರಿಸಿದಳು. ಬ್ರೇಕು ನಂಬಿ ಬಾಳ್ವೆ ಮಾಡಿದವನಲ್ಲ ನಾನು.

ಗಾಡಿ ಸ್ವಲ್ಪ ಸಾವಕಾಶವಾದರೆ ಸಾಕು, ಬಗ್ಗಿ ಹಿಂದಿನ ಗಾಲಿಗೆ ಕಲ್ಲು ಕೊಡುವೆ. ಗಾಡಿ ಗಕ್ಕನೆ ನಿಲ್ಲುವುದು. ಏರಿನ ಬುಡದಲ್ಲಿ ಪಂಕ್ಚರ್ ಅಂಗಡಿ ಇಟ್ಟುಕೊಂಡಿರುವ ನನ್ನ ಗೆಳೆಯ ಮಾಬುಸಾಬ ಕೂತಲ್ಲಿಂದಲೇ ಕೂಗಿದ, “ಏನೋ, ಮೊಮ್ಮಗಳಿಗೆ ಚಕ್ಕಡಿ ಹೂಡೀಯೇನ? ಬಾರಕೋಲೂ ತಂದಿದ್ರ ಚಲೋ ಇತ್ತು.”

ಪವಿ ನಗಲಿಲ್ಲ. ಗಾಡಿಯಿಂದ ಇಳಿದು ನನ್ನ ಮುಖ ನೋಡಿದಳು.

“ಅಜ್ಜಾ, ನಾ ನಿಂತಿಲ್ಲ. ನೀ ನಿಂದ್ರಸಾಕತ್ತಿ.”

ಅವಳೇ ಒಂದು ಕೈಯಲ್ಲಿ ಗಾಡಿ, ಇನ್ನೊಂದರಲ್ಲಿ ನನ್ನ ರಟ್ಟೆ ಹಿಡಿದು, ಕಲ್ಲಿನ ಸಮೇತ ನನ್ನನ್ನು ಕೆಳಗೆ ಕರೆತಂದು ಮಾಬುಸಾಬನ ಬಾಜೂಕೆ ಕೂಡಿಸಿದಳು. “ಕಾಕಾ, ನಮ್ಮಜ್ಜನ್ನ ಏಳಗೊಡಬ್ಯಾಡ್ರಿ.”

ಹೊರಟಳು. ಬಲಕ್ಕೆ, ಸ್ವಲ್ಪ ಎಡಕ್ಕೆ, ಮತ್ತೆ ಬಲಕ್ಕೆ. ಅರ್ಧ ಏರಿನಲ್ಲಿ ಗಾಡಿ ಸಾವಕಾಶವಾಯಿತು. ಗಟಾರದ ಕಡೆ ತಿರುಗಿತು. ನಾನು ಎದ್ದೆ. ಮಾಬುಸಾಬ ನನ್ನ ಧೋತರದ ಚುಂಗು ಹಿಡಿದು ಜಗ್ಗಿದ. “ಕುಂದ್ರಲೇ.”

ಕೂತೆ. ನನ್ನ ಕಣ್ಣು ಆ ಎಡಗಾಲಿನ ಮೇಲೆಯೇ ಇತ್ತು. ಮೊಣಕಾಲು ಒಮ್ಮೆ ನಡುಗಿತು. ಆಮೇಲೆ ಮೈಯೆಲ್ಲ ಎಡಕ್ಕೆ ವಾಲಿತು, ಪಾದ ಹಲಗೆಯನ್ನು ಒತ್ತಿತು, ಗಾಡಿ ಗಟಾರ ಬಿಟ್ಟು ಎಡಕ್ಕೆ ಹರಿಯಿತು. ಮತ್ತೆ ಬಲಕ್ಕೆ. ಮತ್ತೆ ಎಡಕ್ಕೆ, ಈ ಸಲ ಹೆದರಿಕೆ ಇಲ್ಲದೆ. ನೋಡನೋಡುತ್ತ ಅವಳ ಎರಡು ಜಡೆ ಏರು ದಾಟಿ, ಶಾಲೆಯ ಗೇಟಿನ ಕಡೆ ತಿರುಗಿ ಮರೆಯಾದವು. ತಿರುಗಿಯೂ ನೋಡಲಿಲ್ಲ ನಮ್ಮನ್ನು. ನೋಡದ್ದು ಎಷ್ಟು ಚಲೋ ಆಯಿತು ಅಂತೀರಿ, ನನ್ನ ಮುಖ ಆಗ ನೋಡುವ ಹಾಗಿರಲಿಲ್ಲ.

ಮಾಬುಸಾಬ ಚಹಾ ತರಿಸಿ ನನ್ನ ಮುಂದೆ ಹಿಡಿದ. ಇಸಿದುಕೊಳ್ಳಲು ಕೈ ಖಾಲಿ ಇರಲಿಲ್ಲ. “ಇನ್ನರೆ ಕಲ್ಲ ಕೆಳಗ ಇಡೋ ಮಾರಾಯಾ” ಅಂದ. ಅಲ್ಲಿ ಇಡಲು ಮನಸ್ಸಾಗದೆ ಮನೆಗೇ ತಂದೆ. ಅಂದಿನಿಂದ ಗಾಳಿಗೆ ಬಾಗಿಲು ಬಡಿಯದ ಹಾಗೆ ಅದು ಬಾಜೂಕೆ ಕೂತಿದೆ.

ಇವತ್ತು ಎಡವಿದ ಮೇಲೆ ಬೆರಳು ಬಾತುಕೊಂಡಿತು. ಗೋಡೆ ಹಿಡಿದು, ಬಲಗಾಲಿನ ಮೇಲೆ ಭಾರ ಹಾಕಿ, ಕುಂಟುತ್ತ ಪಡಸಾಲೆ ದಾಟುತ್ತಿದ್ದೆ. ಶಾಲೆಗೆ ಹೊರಟಿದ್ದ ಪವಿ ಅಂಗಳದಿಂದ ದಡದಡ ಓಡಿಬಂದಳು. ಎರಡೂ ಹೆಜ್ಜೆಯ ಸಪ್ಪಳ ಒಂದೇ ಸಮ. ಬಗ್ಗಿ ಬೆರಳು ನೋಡಿ, ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತಳು.

“ಎಡಗಾಲ ಊರಜ್ಜಾ, ಏನೂ ಆಗೂದಿಲ್ಲ.”

ಊರಿದೆ.