ಸಿಪಾಯಿ ಕಲ್ಲಿನ ಮೇಲೊಂದು ಕನ್ನಡದ ಹೆಸರು

ಹೋದ ತಿಂಗಳು ನಮ್ಮ ಅಡುಗೆ ಕಟ್ಟೆಗೆ ಹೊಸ ಗ್ರಾನೈಟ್ ಹಾಕಿಸಿದೆವು. ಕೆಲಸದವನು ಯಂತ್ರದಿಂದ ಕಲ್ಲು ಕೊಯ್ದು ಅದರ ಮೇಲೆ ನೀರು ಚೆಲ್ಲಿದ. ಬಿಸಿ ಕಲ್ಲಿನ ಪುಡಿ ನೆನೆದ ವಾಸನೆ ಮನೆಯೆಲ್ಲ ತುಂಬಿತು. ಉಳಿದವರು ಮೂಗು ಮುಚ್ಚಿಕೊಂಡು ಹೊರಗೆ ಓಡಿದರು. ನಾನು ಮಾತ್ರ ಅಲ್ಲೇ ನಿಂತೆ. ಅದು ಕಲ್ಲು ಕಟೆಯುವ ಆಯಿಯ ಸೀರೆಯ ವಾಸನೆ...

ಜಮಖಂಡಿಯಲ್ಲಿ ನಮ್ಮ ಓಣಿಯ ಕಡೆಯ ಮನೆ ಆಯಿಯದು. ನೆಂಟಳಲ್ಲ, ಓಣಿಯ ಮಕ್ಕಳೆಲ್ಲ ಅವಳನ್ನು ಆಯಿ, ಅಂದರೆ ಅಜ್ಜಿ, ಎನ್ನುತ್ತಿದ್ದೆವು. ಅವಳು ತುಬಚಿ ಹಳ್ಳಿಯ ಕುರಿಗಾರರ ಮಗಳು. ಗಂಡ ತೀರಿಕೊಂಡ ಮೇಲೆ ಉಳಿ, ಸುತ್ತಿಗೆ ಹಿಡಿದಿದ್ದಳು. ಸವೆದು ನುಣುಪಾದ ಬೀಸುಕಲ್ಲುಗಳಿಗೆ ಚುಕ್ಕಿ ಚುಕ್ಕಿಯಾಗಿ ತಗ್ಗು ಹೊಡೆದು ಮತ್ತೆ ತರಿ ಬರಿಸುವುದು ಅವಳ ಕೆಲಸ. ಅವಳ ಕೈ ಬೀಳದಿದ್ದರೆ ನಮ್ಮ ಓಣಿಯಲ್ಲಿ ಜೋಳ ಹಿಟ್ಟಾಗುತ್ತಿರಲಿಲ್ಲ. ಬಾಯಿಯೋ, ಉಳಿಗಿಂತ ಚೂಪು. ಯಾರಿಗೂ ಸೊಪ್ಪು ಹಾಕದ ನಮ್ಮವ್ವ ಕೂಡ ಅವಳಿಗೆ ಹೆದರುತ್ತಿದ್ದಳು.

ಆಯಿಗೆ ಒಬ್ಬನೇ ತಮ್ಮನಿದ್ದ. ತಾಯಿ ಸತ್ತಾಗ ಹಾಲು ಕುಡಿಯುವ ಕೂಸಾಗಿದ್ದ ಅವನನ್ನು ಕಂಬಳಿಯಲ್ಲಿ ಸುತ್ತಿಕೊಂಡು ಬೆಳೆಸಿದವಳು ಇವಳೇ. ಮೊದಲ ಮಹಾಯುದ್ಧದ ಕಾಲಕ್ಕೆ, ಪ್ರಾಣಿಗಳ ಮರ್ಜಿ ಬಲ್ಲ ಹುಡುಗನೆಂದು ಅವನನ್ನು ಸೈನ್ಯದ ಹೇಸರಗತ್ತೆ ಹೊಡೆಯಲು ಇರಾಕಿನ ಬಸ್ರಾಕ್ಕೆ ಕರೆದೊಯ್ದರು. ಅವನು ಬರಲಿಲ್ಲ, ಸತ್ತನೆಂಬ ಕಾಗದ ಬಂತು. ಮುಂದೆ ಕಚೇರಿಯ ಎದುರು ಯುದ್ಧದಲ್ಲಿ ಮಡಿದವರ ಕಲ್ಲು ನಿಂತಿತು. ನಾವೆಲ್ಲ ಅದನ್ನು ಸಿಪಾಯಿ ಕಲ್ಲು ಎನ್ನುತ್ತಿದ್ದೆವು. ಅದರ ಮೇಲೆ ಬಂದೂಕು ಹಿಡಿದವರ ಹೆಸರುಗಳಿದ್ದವು, ಅವನದು ಇರಲಿಲ್ಲ. ಅವನ ಹೆಸರು ಹಾಕಿಸಿರೆಂದು ರಾಜರ ಕಾಲದಲ್ಲಿ ಕೇಳಿ ಕೇಳಿ ಸಾಕಾಗಿದ್ದ ಆಯಿ, ಸಂಸ್ಥಾನ ಹೋಗಿ ಮುಂಬಯಿ ಸರಕಾರ ಬಂದದ್ದೇ ಮತ್ತೆ ಕಚೇರಿಯ ಮೆಟ್ಟಿಲು ಹತ್ತಿದಳು. ಕನ್ನಡ ಶಾಲೆಯ ನಾಲ್ಕನೇ ಇಯತ್ತೆಯಲ್ಲಿದ್ದ ನನ್ನನ್ನೂ ಕರೆದೊಯ್ದಳು.

"ಅದು ಲಡಾಯಿ ಮಾಡಿದವರ ಕಲ್ಲವಾ, ಹೇಸರಗತ್ತಿ ಹೊಡ್ಯಾವರದಲ್ಲ," ಅಂದರು ಅಲ್ಲಿನ ಕಾರಕೂನರು.

"ಗುಂಡು ಬಡಿಯೂ ಮುಂದ, ನೀ ಬಂದೂಕು ಹಿಡದಿಯೋ ಹೇಸರಗತ್ತಿ ಹಿಡದಿಯೋ ಅಂತ ಕೇಳಿ ಬಡೀತೇನ್ರಿ ಸಾಹೇಬ್ರ?"

ಕಾರಕೂನರು ಕೈ ಬೀಸಿ ಮುಂದಿನವರನ್ನು ಕರೆದರು. ಹೊರಗೆ ಬಂದವಳೇ ಆಯಿ, "ಸಂತಿ ದಿನ ಸಾಲಿಂದ ಖಡು ತಗೊಂಡು ಬಾ. ನೀ ಬರಿ, ನಾ ಕಟೀತೀನಿ," ಅಂದಳು. ಶಾಲೆಯ ಸೀಮೆಸುಣ್ಣ ತಂದು ಸರಕಾರದ ಕಲ್ಲಿನ ಮೇಲೆ ಬರೆದರೆ ಬೈಯುತ್ತಾರೆ ಎಂದು ನಾನು ತಡವರಿಸಿದೆ. "ಕಳುವು ಮಾಡಾಕ ಹೊಂಟಿಲ್ಲ. ನಡು ಹಗಲ ಹೋಗೂಣು, ಮಂದಿ ನೋಡ್ಲಿ," ಅಂದಳು.

ಸಂತೆಯ ದಿನ ಆಯಿ ಉಳಿಗೆ ಬೀರೇಶ್ವರನ ಭಂಡಾರದ ಅರಿಸಿನ ಹಚ್ಚಿಕೊಂಡು ಬಂದಳು. ಕಲ್ಲಿನ ಮೇಲಿದ್ದುದೆಲ್ಲ ಮರಾಠಿ ಮತ್ತು ಇಂಗ್ಲಿಷ್. ಕೆಳಗೆ ಒಂದು ಗೇಣು ಜಾಗ ಖಾಲಿ. ಮರಾಠಿಯಲ್ಲೇ ಬರೆಯಬೇಕೇ ಎಂದು ನಾನು ಕೇಳಿದರೆ, "ಅವಗ ಮರಾಠಿ ಬರ್ತಿದ್ದಿಲ್ಲ. ಕನ್ನಡದಾಗ ಬರಿ," ಅಂದಳು. ತಮ್ಮನ ಹೆಸರು, ಬೀರಪ್ಪ ಎಂದು, ಬರೆದೆ. "ಬೀರಪ್ಪ ಮನಿಗೊಬ್ಬ ಅದಾನ. ಮುಂದ ತುಬಚಿ ಅಂತ ಹಾಕು."

ಕೆಲಸ ಶುರುವಾದದ್ದೇ ತಡ, ಕೆಟ್ಟಿತು. ಬೀಸುಕಲ್ಲು ಕಟೆಯುವಾಗ ನಾಲ್ಕು ಪೆಟ್ಟಿಗೊಮ್ಮೆ ಸೆರಗಿನಿಂದ ಪುಡಿ ಒರೆಸುವುದು ಆಯಿಯ ರೂಢಿ. ಇಲ್ಲೂ ಒರೆಸಿಬಿಟ್ಟಳು. ಸೀಮೆಸುಣ್ಣದ ಹೆಸರು ಅಳಿಸಿಹೋಯಿತು. ಮತ್ತೆ ಬರೆದೆ. ನಾಲ್ಕು ಪೆಟ್ಟು, ಮತ್ತೆ ಒರೆಸಿದಳು. ಓದುಬರಹ ಬಾರದವಳು, ಗೆರೆ ಅಳಿದರೆ ಉಳಿ ಇಡುವುದಾದರೂ ಎಲ್ಲಿ? "ಈ ಕೈ ನನ್ನ ಮಾತ ಕೇಳವಲ್ದು," ಎಂದು ತನ್ನ ಕೈಗೇ ಬೈದುಕೊಂಡಳು. ಕಡೆಗೆ ನಾನು ಅವಳ ಸೆರಗನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು ಕೂತು, ಪುಡಿಯನ್ನು ಬಾಯಿಂದ ಊದತೊಡಗಿದೆ. ಕಣ್ಣು, ಮೂಗು, ಗಂಟಲು ಎಲ್ಲ ಕಲ್ಲಿನ ಪುಡಿ...

ಎರಡಕ್ಷರ ಮುಗಿಯುವ ಹೊತ್ತಿಗೆ ಕಾರಕೂನರು ಓಡಿಬಂದು, ಪೊಲೀಸರನ್ನು ಕರೆಸುತ್ತೇನೆ ಎಂದು ಕೂಗಾಡಿದರು.

"ಕರಸ್ರಿ. ಅವರ ಮನಿ ಬೀಸುಕಲ್ಲೂ ನಾನ ಕಟದೇನಿ," ಅಂದಳು ಆಯಿ, ಉಳಿ ನಿಲ್ಲಿಸದೆ.

ಸಂತೆಗೆ ಬಂದ ಹೆಂಗಸರು ಅಷ್ಟರಲ್ಲಿ ಸುತ್ತ ನೆರೆದಿದ್ದರು. ಒಬ್ಬಾಕೆ ಬುಟ್ಟಿ ಇಳಿಸಿ ಸಿಪಾಯಿ ಕಲ್ಲಿನ ಕಟ್ಟೆಯ ಮೇಲೆ ಕೂತಳು. ಅವಳನ್ನು ನೋಡಿ ಇನ್ನೊಬ್ಬಳು, ಮತ್ತೊಬ್ಬಳು. "ನಮ್ಮನ್ಯಾಗ ರೊಟ್ಟಿ ಆಗೂದು ಈಕಿ ಕೈಯಿಂದರಿ. ಮುಗಸ್ಲಿ ಬಿಡ್ರಿ," ಅಂದಳೊಬ್ಬಳು. ಕಾರಕೂನರು ಬಂದ ದಾರಿ ಹಿಡಿದರು. ಅವತ್ತಿನಷ್ಟು ಹೆಮ್ಮೆ ನನಗೆ ನನ್ನ ಮದುವೆಯಲ್ಲೂ ಆಗಿಲ್ಲ.

ಆಯಿಗೆ ಗೆರೆ ಕೊರೆಯಲು ಬರುತ್ತಿರಲಿಲ್ಲ. ಹೆಸರೆಲ್ಲ ಚುಕ್ಕಿಗಳಲ್ಲೇ ಮೂಡಿತ್ತು. ಮುಗಿದ ಮೇಲೆ ನನ್ನ ಬೆರಳು ಹಿಡಿದು, "ಇದರಾಗ ಅವ ಎಲ್ಲದಾನ, ಊರು ಎಲ್ಲೈತಿ, ತೋರ್ಸು," ಅಂದಳು. ತೋರಿಸಿದೆ. ಅವಳು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಮುಂದಿನ ವಾರ ಯಾರೋ ಆ ಚುಕ್ಕಿಗಳಿಗೆ ಗಾರೆ ತುಂಬಿಸಿದರು. ಆಯಿ ಸಂತೆಯ ದಿನ ಹೋಗಿ ಕೆತ್ತಿ ತೆಗೆದಳು. ಮತ್ತೆ ತುಂಬಿಸಿದರು, ಮತ್ತೆ ತೆಗೆದಳು. ಮೂರನೆಯ ಸಲ ತುಂಬಿಸಲು ಯಾರೂ ಬರಲಿಲ್ಲ.

ನಾನು ಲಗ್ನವಾಗಿ ಮುಧೋಳಕ್ಕೆ ಹೋದ ವರ್ಷವೇ ಆಯಿ ತೀರಿಕೊಂಡಳು. ಸುದ್ದಿ ತಡವಾಗಿ ತಲುಪಿ ಮಣ್ಣಿಗೂ ಹೋಗಲಾಗಲಿಲ್ಲ. ಆ ಸಂಕಟ ಇನ್ನೂ ಆರಿಲ್ಲ.

ಗ್ರಾನೈಟ್ ಹಾಕಿಸಿದ ಮರುದಿನವೇ ಹಟ ಹಿಡಿದು ಜಮಖಂಡಿಗೆ ಹೋದೆ. ಸಿಪಾಯಿ ಕಲ್ಲಿಗೆ ದಪ್ಪಗೆ ಬಣ್ಣ ಬಳಿದಿದ್ದರು. ಮೇಲಿನ ಹೆಸರುಗಳನ್ನು ಬಂಗಾರದ ಬಣ್ಣದಿಂದ ತಿದ್ದಿದ್ದರು. ಕೆಳಗಿನ ಚುಕ್ಕಿಗಳಲ್ಲಿ ಬಣ್ಣ ತುಂಬಿ ಏನೂ ಕಾಣುತ್ತಿರಲಿಲ್ಲ. ನನಗೆ ಮೈ ಉರಿಯಿತು. ಮಂಡಿನೋವು ಮರೆತು ಅಲ್ಲೇ ಕೂತು, ಸೆರಗಿನ ಪಿನ್ನು ತೆಗೆದು ಒಂದೊಂದೇ ಚುಕ್ಕಿ ಬಿಡಿಸತೊಡಗಿದೆ.

ಕಾವಲಿನ ಹುಡುಗ ಬಂದ. "ಯವ್ವಾ, ಸರಕಾರಿ ಕಲ್ಲೈತ್ರಿ. ಕೆರೀಬ್ಯಾಡ್ರಿ."

"ನಮ್ಮ ಆಯಿ ತಮ್ಮನ ಹೆಸರೈತಿ ಇದು. ಆಯೀನ ಕಟದಿದ್ಲು."

"ಈಗ ಅವರೆಲ್ಲದಾರ್ರಿ?"

"ಇಲ್ಲಪಾ, ಆಕಿ ಇಲ್ಲ." ಪಿನ್ನನ್ನು ಮುಂದಿನ ಚುಕ್ಕಿಗೆ ಇಟ್ಟು ಅಂದೆ, "ಅದಕ್ಕ ನಾ ಬಂದೇನಿ. ಸ್ವಲ್ಪ ಆ ಕಡೆ ಸರಿ, ಬೆಳಕಿಗೆ ಅಡ್ಡ ನಿಂತಿ."