ಇಂದ್ರಾಣಿ ಸೈಕಲ್ಲಿನಿಂದ ಬಿದ್ದ ಕಾರಣ

ಇಂದ್ರಾಣಿ ಹೊಸ ಸೈಕಲ್ಲಿನಿಂದ ಬಿದ್ದದ್ದು ಒಂದು ಶುಕ್ರವಾರ ಬೆಳಿಗ್ಗೆ, ರಾಹುಕಾಲದಲ್ಲಿ. ಅವಳ ಎಡಗೈ ಮಣಿಕಟ್ಟು ಮುರಿದಿದೆ ಎಂಬುದು ಊರಿಗೆ ತಿಳಿಯುವ ಮೊದಲೇ ಅದು ರಾಹುಕಾಲವಾಗಿತ್ತು ಎಂಬುದು ಎಲ್ಲರಿಗೂ ತಿಳಿದಿತ್ತು.

ಇಂದ್ರಾಣಿಯನ್ನು ನಾನು ಅವಳ ಚಿಕ್ಕಂದಿನಿಂದ ಬಲ್ಲೆ. ಅವಳ ತಂದೆ ಚಿಕ್ಕಮಾದು, ನಾನು ಪಾಠ ಹೇಳುತ್ತಿದ್ದ ತಿ. ನರಸೀಪುರದ ಕಾಲೇಜಿನಲ್ಲಿ ಅಟೆಂಡರ್ ಆಗಿದ್ದ. ಮನೆ ಸೋಸಲೆಯಲ್ಲಿ. ಅವನು ಹೆಂಡತಿ ಮಕ್ಕಳೊಂದಿಗೆ ಬೌದ್ಧ ದೀಕ್ಷೆ ತೆಗೆದುಕೊಂಡಾಗ ಇಂದ್ರಾಣಿ ಪ್ರೈಮರಿ ಶಾಲೆಯ ಹುಡುಗಿ. ಅಂದಿನಿಂದ ಅವರ ಮನೆಯಲ್ಲಿ ಪಂಚಾಂಗವಿಲ್ಲ, ರಾಹುಕಾಲವಿಲ್ಲ, ನಿಂಬೆಹಣ್ಣು ಅಡುಗೆಗೆ ಮಾತ್ರ. ಬಾಯಿಮಾತಿಗೆ ಹೀಗೆ ಹೇಳಿ ಒಳಗೊಳಗೆ ಬೇರೆ ಮಾಡುವ ಬಹಳ ಜನರನ್ನು ನೋಡಿದ್ದೇನೆ. ಚಿಕ್ಕಮಾದು ಅಂಥವನಲ್ಲ. ಮಗಳ ಮದುವೆಯನ್ನು ಬೇಕೆಂದೇ ಅಮಾವಾಸ್ಯೆಯ ದಿನ ಇಟ್ಟ. ಛತ್ರ ಕೇಳಿದ ಕೂಡಲೇ ಸಿಕ್ಕಿತು, ಒಳ್ಳೆಯ ಅಡುಗೆಯವರೂ ಸಿಕ್ಕಿದರು. ನಾನೂ ಹೋಗಿದ್ದೆ. ವರ ನಂಜನಗೂಡು ತಾಲೂಕಿನ ದೇವನೂರಿನ ರಾಜೇಂದ್ರ, ಪಂಚಾಯಿತಿಯಲ್ಲಿ ನೀರು ಬಿಡುವ ಕೆಲಸದವನು. ಅವನ ಮನೆಯವರೂ ದೀಕ್ಷೆ ಪಡೆದವರೇ.

ಸೈಕಲ್ ಅಂಗಡಿಯವರ ಮರ್ಯಾದೆ ಎಂಥದ್ದೆಂದು ಇಂದ್ರಾಣಿಗೆ ಹುಡುಗಿಯಾಗಿದ್ದಾಗಲೇ ಗೊತ್ತಿತ್ತು. ನರಸೀಪುರದಲ್ಲಿ ಆಗ ಗಂಟೆ ಲೆಕ್ಕದಲ್ಲಿ ಬಾಡಿಗೆ ಸೈಕಲ್ ಸಿಗುತ್ತಿತ್ತು. ಹೆಣ್ಣುಮಕ್ಕಳಿಗೆ ಕೊಡುವುದಿಲ್ಲ ಎಂದು ಅಂಗಡಿಯವನು ಗದರಿ ಕಳಿಸಿದ. ಚಿಕ್ಕಮಾದು ತಾನೇ ಹೋಗಿ ತನ್ನ ಹೆಸರಿನಲ್ಲಿ ಕೇಳಿದರೆ, ಮೂಲೆಯಲ್ಲಿ ಬಿದ್ದಿದ್ದ ಒಂದನ್ನು ತಳ್ಳಿದ.

"ಇದಕ್ಕೆ ಬ್ರೇಕೇ ಇಲ್ವಲ್ಲ ಸಾ?"

"ಮಗಳಿಗೆ ಕಾಲಿಲ್ವಾ?"

ಇಂದ್ರಾಣಿ ಕಾಲನ್ನು ನೆಲಕ್ಕೆ ಉಜ್ಜಿಯೇ ಸೈಕಲ್ ಕಲಿತಳು. ಆ ಕಲಿಕೆ ವ್ಯರ್ಥವಾಗಲಿಲ್ಲ. ಈಗ ಅವಳು ದೇವನೂರಿನ ಸುತ್ತಿನ ಹಳ್ಳಿಗಳಿಗೆ ಅಂಚೆ ಹಂಚುತ್ತಾಳೆ. ಮಾವನ ಹಳೆಯ ಗಂಡಸರ ಸೈಕಲ್ಲನ್ನೇ ಇಷ್ಟು ವರ್ಷ ತುಳಿದಿದ್ದಳು. ಅದರ ಫ್ರೇಮು ತುಂಡಾದ ಮೇಲೆ ಹೊಸದೊಂದನ್ನು ಕೊಳ್ಳಲು ಗಂಡ ಹೆಂಡತಿ ಮೊಪೆಡ್ ಏರಿ ನಂಜನಗೂಡಿಗೆ ಬಂದರು.

ಅಂಗಡಿಯ ಮಾಲೀಕ ನಂಜೇಶ್ ಕುರ್ಚಿಯಲ್ಲಿ ಕಾಲು ಚಾಚಿ ಮೊಬೈಲ್ ನೋಡುತ್ತಿದ್ದ. ರಾಜೇಂದ್ರನಿಗಿಂತ ಹತ್ತು ವರ್ಷವಾದರೂ ಚಿಕ್ಕವನು.

"ಬನ್ನಿ ಸಾರ್, ಏನ್ ಬೇಕಿತ್ತು?"

"ಲೇಡೀಸ್ ಸೈಕಲ್ ತೋರ್ಸಿ," ಎಂದಳು ಇಂದ್ರಾಣಿ.

"ಯಾರಿಗೆ ಸಾರ್, ಮಗಳಿಗಾ?" ನಂಜೇಶ್ ಕೇಳಿದ್ದು ರಾಜೇಂದ್ರನನ್ನು.

"ನನಗೇ. ಅಂಚೆ ಹಂಚೋಕೆ. ದಿನಾ ಕಲ್ಲು ಮಣ್ಣಿನ ದಾರೀಲಿ ಓಡಾಡ್ಬೇಕು, ಗಟ್ಟಿಯಾಗಿರೋದು ಕೊಡಿ."

"ಎಲ್ಲಾ ಗಟ್ಟೀನೇ ಸಾರ್. ಅಲ್ಲಿ ನಿಂತವೆ, ನೋಡ್ಕೊಳಿ."

ಅವಳು ಹಸಿರು ಬಣ್ಣದ್ದೊಂದನ್ನು ಆರಿಸಿ, ಬೀದಿಯಲ್ಲಿ ಒಂದು ಸುತ್ತು ಓಡಿಸಿ ನೋಡುತ್ತೇನೆಂದಳು.

"ಹೊಸಾ ಸೈಕಲ್ ಕಣಮ್ಮ. ನೀವ್ ಓಡ್ಸಿ ಬಿಟ್ಟು ಹೋದ್ರೆ ಅದನ್ನ ಹೊಸದು ಅಂತ ಇನ್ಯಾರಿಗೆ ಮಾರ್ಲಿ?"

ಸೀಟು ಎತ್ತರವಾಯಿತು, ಇಳಿಸಿಕೊಡಿ ಎಂದಳು.

"ಆಮೇಲೆ ಇಳಿಸೋಣ." ನಂಜೇಶ್ ಗೋಡೆಯ ಗಡಿಯಾರ ನೋಡಿದ. "ಬೇಗ ಬೇಗ. ಹತ್ತೂವರೆಗೆ ರಾಹುಕಾಲ ಬಂದ್ಬಿಡುತ್ತೆ. ಪುಟ್ಟಬಸವಯ್ಯ, ಆಚೆ ಇಳಿಸ್ರೀ ಅದನ್ನ."

"ನಮಗೆ ರಾಹುಕಾಲ ಇಲ್ಲ. ನಿಧಾನಕ್ಕೇ ನೋಡಿ ಕೊಡಿ," ಎಂದಳು ಇಂದ್ರಾಣಿ.

ನಂಜೇಶ್ ಆಗ ಮೊಬೈಲ್ ಬಿಟ್ಟು ಮೊದಲ ಸಲ ಅವಳ ಮುಖ ನೋಡಿದ. ಯಾವೂರು ಎಂದು ಕೇಳಿದ. ಆಮೇಲೆ ಯಾವ ಬೀದಿ ಎಂದು ಕೇಳಿದ. ರಾಜೇಂದ್ರ ಎರಡಕ್ಕೂ ಉತ್ತರ ಕೊಟ್ಟ.

"ನಿನಗೆ ಇಲ್ದೆ ಇರಬೋದು, ನನ್ನ ಅಂಗಡಿಗೆ ಇದೆ. ತಗೊಂಡು ಹೋಗು."

ಅಲ್ಲಿಯ ತನಕ 'ಬನ್ನಿ' ಎನ್ನುತ್ತಿದ್ದವನು ಆ ಕ್ಷಣದಿಂದ 'ಹೋಗು' ಎಂದ. ಮೆಕ್ಯಾನಿಕ್ ಪುಟ್ಟಬಸವಯ್ಯ ಸೈಕಲ್ಲನ್ನು ಬೀದಿಗಿಳಿಸಿ ಒಳಗೆ ಹೋದ. ಸೀಟು ಎತ್ತರದಲ್ಲೇ ಉಳಿಯಿತು.

ರಾಜೇಂದ್ರ ಮೊಪೆಡ್ಡಿನಲ್ಲಿ ಮುಂದೆ, ಇಂದ್ರಾಣಿ ಸೈಕಲ್ಲಿನಲ್ಲಿ ಹಿಂದೆ. ನೇರ ರಸ್ತೆಯಲ್ಲಿ ಏನೂ ಆಗಲಿಲ್ಲ. ಊರಾಚೆ ನಾಲೆಯ ಮೋರಿಯ ಬಳಿ ರಸ್ತೆ ಇಳಿಜಾರಾಗಿ ಎಡಕ್ಕೆ ತಿರುಗುತ್ತದೆ. ಅವಳು ಹ್ಯಾಂಡಲ್ಲನ್ನು ಎಡಕ್ಕೆ ತಿರುಗಿಸಿದಳು. ಹ್ಯಾಂಡಲ್ ತಿರುಗಿತು, ಚಕ್ರ ತಿರುಗಲಿಲ್ಲ. ಸೈಕಲ್ ನೇರವಾಗಿ ಹೋಗಿ ಮೋರಿಯ ಕಟ್ಟೆಗೆ ಬಡಿಯಿತು. ಕಟ್ಟೆ ಇಲ್ಲದಿದ್ದರೆ ಅವಳು ನಾಲೆಯಲ್ಲಿರುತ್ತಿದ್ದಳು, ಆಗ ನಾಲೆ ತುಂಬ ನೀರಿತ್ತು. ಕೈ ಮುರಿಯಿತು, ಗಲ್ಲಕ್ಕೆ ಹೊಲಿಗೆ ಬಿತ್ತು.

ಇಂದ್ರಾಣಿ ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಮನೆಗೆ ಬರುವಷ್ಟರಲ್ಲಿ ಊರು ತೀರ್ಪು ಕೊಟ್ಟಾಗಿತ್ತು. ರಾಹುಕಾಲದಲ್ಲಿ ತಂದರು, ಪೂಜೆ ಮಾಡಿಸಲಿಲ್ಲ, ಇನ್ನೇನಾಗುತ್ತದೆ? ಪಕ್ಕದ ಮನೆಯ ಗೋವಿಂದಮ್ಮ ಮಾತ್ರ ಅದನ್ನು ಎದುರಿಗೇ ಹೇಳಿದಳು. "ನಿಮ್ ಅಪ್ಪ ಅಮಾಸೇಲಿ ಮದ್ವೆ ಮಾಡ್ದ, ಅದೇನೋ ದಕ್ಕುಸ್ಕಂಡೆ. ಎಲ್ಲಾ ಸಲಾನೂ ದಕ್ಕಕಿಲ್ಲ ಕಣವ್ವ."

ಇಂದ್ರಾಣಿ ಅದಕ್ಕೆ ನಕ್ಕಳಂತೆ. ಆದರೆ ಮಾರನೆಯ ಬೆಳಿಗ್ಗೆ ಹಿತ್ತಿಲಿಗೆ ಹೋದಾಗ ಕಂಡದ್ದಕ್ಕೆ ನಗಲು ಆಗಲಿಲ್ಲ. ಅಲ್ಲಿ ತಂದು ನಿಲ್ಲಿಸಿದ್ದ ಸೈಕಲ್ಲಿನ ಸೊಟ್ಟ ಹ್ಯಾಂಡಲ್ ನೆಟ್ಟಗಾಗಿತ್ತು, ಅದಕ್ಕೊಂದು ನಿಂಬೆಹಣ್ಣು ಮತ್ತು ಹಸಿಮೆಣಸಿನಕಾಯಿ ಪೋಣಿಸಿ ಕಟ್ಟಿತ್ತು.

"ಯಾರ್ ಕಟ್ಟಿದ್ದು ಇದ?"

ರಾಜೇಂದ್ರ ಹಲ್ಲುಜ್ಜುತ್ತಿದ್ದವನು ಉಗಿದು ಬಾಯಿ ತೊಳೆದುಕೊಂಡ. "ನಾನೇ."

"ನೀನಾ?"

"ಒಂದ್ ನಿಂಬೆಹಣ್ಣು ಕಣೆ. ಏನೀಗ?"

ಅವಳು ಹೇಳಿದಂತೆಯೇ ಬರೆಯುತ್ತೇನೆ: ಕೈ ಮುರಿದಾಗ ಆಗದ ನೋವು ಆಗ ಆಯಿತು. ಅಮಾವಾಸ್ಯೆಯ ದಿನ ಹಾರ ಹಾಕಿದ ಗಂಡಸು, ಸ್ವಂತ ಅಣ್ಣ ಜಗಳ ಕಾದಾಗಲೂ ಗೃಹಪ್ರವೇಶಕ್ಕೆ ಹೋಮ ಮಾಡಿಸದೆ ನಿಂತ ಗಂಡಸು, ಹೆದರಿ ಮೆಣಸಿನಕಾಯಿ ಪೋಣಿಸಿದ್ದ. ಅದೂ ಹೆಂಡತಿ ನಿದ್ದೆಯಲ್ಲಿದ್ದಾಗ.

"ಒಂದ್ಸಲ ಗುಡಿ ಮುಂದೆ ನಿಲ್ಸ್ಕಂಡು ಬರಾವ," ಎಂದ ಅವನು. "ಯಾರ್ಗೂ ಹೇಳದ್ ಬ್ಯಾಡ. ನಿಂಗೇನಾರ ಆಗಿದ್ರೆ ನಾನೇನ್ ಮಾಡ್ಬೇಕಿತ್ತು?"

ಮಗಳು ಪವಿತ್ರ ಹೈಸ್ಕೂಲಿಗೆ ಹೋಗುವವಳು, ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. "ಅಪ್ಪ ಹೇಳೋದು ಸರಿ ಇರಬೋದು ಅವ್ವ," ಎಂದಳು. "ನಾನಂತೂ ಆ ಸೈಕಲ್ ಮುಟ್ಟಲ್ಲ."

ಗಂಡನೊಬ್ಬನಾಗಿದ್ದರೆ ಇಂದ್ರಾಣಿ ಜಗಳವಾಡಿ ಮುಗಿಸುತ್ತಿದ್ದಳು. ಮಗಳ ಮಾತು ಹಾಗೆ ಮುಗಿಯುವಂಥದ್ದಾಗಿರಲಿಲ್ಲ. ತನ್ನ ತಂದೆ ಕಟ್ಟಿದ್ದು ತನ್ನ ಮನೆಯಲ್ಲೇ, ಒಂದು ಸೈಕಲ್ಲಿನಿಂದ, ಮುಗಿಯುವುದರಲ್ಲಿದೆ ಎನ್ನಿಸಿತು. ಬಲಗೈಯಲ್ಲಿ ಹ್ಯಾಂಡಲ್ ಹಿಡಿದು ನೋಡಿದಳು.

"ಇದ ಹೆಂಗ್ ನೆಟ್ಟಗೆ ಮಾಡ್ದೆ?"

"ಚಕ್ರನ ಮಂಡಿ ಸಂದೀಲಿ ಇಟ್ಕಂಡು ತಿರುವ್ದೆ. ತಿರುಗ್ತು."

"ಬಿಗಿಯಾಗಿದ್ರೆ ತಿರುಗ್ತಿತ್ತಾ?"

ರಾಜೇಂದ್ರ ಬಗ್ಗಿ ಹ್ಯಾಂಡಲ್ಲಿನ ಬುಡ ನೋಡಿದ.

"ಅಂಗಡಿಗೆ ಓಗಾವ. ಸೈಕಲ್ಲಲ್ಲಿ ತಪ್ಪಿಲ್ಲ ಅಂತಾದ್ರೆ ನೀನು ಹೇಳ್ದಂಗೆ ಗುಡಿಗೆ ತಗೊಂಡ್ ಓಗಾವ, ನಾನೇ ಕಾಯಿ ಒಡುಸ್ತೀನಿ. ತಪ್ಪಿದ್ರೆ ಆ ಮೆಣಸಿನಕಾಯಿ ನೀನೇ ಬಿಚ್ಬೇಕು. ನೀನೂ ಬಾ ಪವಿತ್ರ."

ಸೈಕಲ್ಲನ್ನು ಗೂಡ್ಸ್ ಆಟೋಕ್ಕೆ ಹಾಕಿಕೊಂಡು ಮೂವರೂ ನಂಜನಗೂಡಿಗೆ ಬಂದರು. ನಂಜೇಶ್ ಅದೇ ಕುರ್ಚಿಯಲ್ಲಿದ್ದ. ಪ್ಲಾಸ್ಟರ್ ಹಾಕಿದ ಕೈಯನ್ನೂ ಹೊಲಿಗೆ ಬಿದ್ದ ಗಲ್ಲವನ್ನೂ ನೋಡಿ, "ಬಿಲ್ ತಂದಿದೀಯಾ?" ಎಂದು ಕೇಳಿದ.

"ಹ್ಯಾಂಡಲ್ ಯಾಕೆ ತಿರುಗ್ತು ಅಂತ ಕೇಳೋಕ್ ಬಂದೆ."

"ಬಿದ್ಮೇಲೆ ಎಲ್ಲಾರೂ ಅಂಗಡಿಯೋರ್ನೇ ಕೇಳೋದು. ಓಡ್ಸೋಕೆ ಬರುತ್ತೋ ಇಲ್ವೋ ನಮಗೇನ್ ಗೊತ್ತು?"

ಒಳಗಿನಿಂದ ಪುಟ್ಟಬಸವಯ್ಯ ಬಂದ. ಸೈಕಲ್ಲನ್ನು ಗುರುತಿಸಿ, ಮುಂದಿನ ಚಕ್ರ ಹಿಡಿದು ಹ್ಯಾಂಡಲ್ ತಿರುವಿ ನೋಡಿದ. ಅವನ ಮುಖದಲ್ಲಿ ನಿಜವಾದ ಆಶ್ಚರ್ಯವಿತ್ತು.

"ಪೂಜೆ ಆದ್ಮೇಲೆ ಇದನ್ನ ವಾಪಸ್ ತರ್ಲೇ ಇಲ್ವಾ ನೀವು?"

"ಪೂಜೆ ಮಾಡಿಸ್ಲಿಲ್ಲ."

"ಅದಕ್ಕೇ ಮತ್ತೆ ಬಿದ್ದಿರೋದು!"

ರಾಜೇಂದ್ರ ಹೆಂಡತಿಯ ಕಡೆ ತಿರುಗಿದ. "ಕೇಳುಸ್ತಾ? ನಾನೇನ್ ಅಂದೆ?"

ಇಂದ್ರಾಣಿ ಅವನನ್ನು ನೋಡಲಿಲ್ಲ. "ಪೂಜೆ ಮಾಡ್ಸಿ ತಂದಿದ್ರೆ ನೀವೇನ್ ಮಾಡ್ತಿದ್ರಿ ಅಯ್ಯ?" ಎಂದು ಪುಟ್ಟಬಸವಯ್ಯನನ್ನು ಕೇಳಿದಳು.

"ಸ್ಪ್ಯಾನರ್ ಹಾಕ್ತಿದ್ದೆ."



ಆಮೇಲೆ ಪುಟ್ಟಬಸವಯ್ಯ ವಿವರಿಸಿದ, ಚಿಕ್ಕ ಮಕ್ಕಳಿಗೆ ಹೇಳುವಂತೆ. ಕೊಳ್ಳುವವರೆಲ್ಲ ರಾಹುಕಾಲಕ್ಕೆ ಮುಂಚೆ ಬೇಕು ಎಂದು ನಿಂತಿರುತ್ತಾರೆ. ಅಷ್ಟರಲ್ಲಿ ಎಲ್ಲ ಬೋಲ್ಟು ಬಿಗಿಯಲು ಪುರಸೊತ್ತಿಲ್ಲ. ಕೈಯಲ್ಲಿ ತಿರುಗಿಸಿ ನಿಲ್ಲಿಸಿ ಕೊಡುವುದು. ಜನ ಹೂವು ಸುತ್ತಿ, ತಳ್ಳಿಕೊಂಡು ಪಕ್ಕದ ಬೀದಿಯ ಗುಡಿಗೆ ಹೋಗುತ್ತಾರೆ. ಪೂಜೆಯಾಗದ ಗಾಡಿಯನ್ನು ಯಾರೂ ಹತ್ತುವುದಿಲ್ಲವಷ್ಟೆ? ಪೂಜೆ ಮುಗಿಸಿ ಮತ್ತೆ ಅಂಗಡಿಗೇ ತಳ್ಳಿಕೊಂಡು ಬರುತ್ತಾರೆ. ಆಗ ಹ್ಯಾಂಡಲ್, ಸೀಟು, ಬ್ರೇಕು, ಎಲ್ಲವನ್ನೂ ಸ್ಪ್ಯಾನರಿನಲ್ಲಿ ಬಿಗಿ ಮಾಡಿ ಕಳಿಸುವುದು. ನಂಜೇಶನ ತಂದೆಯ ಕಾಲದಿಂದಲೂ ಹೀಗೆಯೇ. 'ಆಮೇಲೆ ಇಳಿಸೋಣ' ಎಂದರೆ ಪೂಜೆಯಾದ ಮೇಲೆ ಎಂದು ಅರ್ಥ.

"ಇದನ್ನ ಹೇಳ್ಬೇಕಿತ್ತಲ್ವಾ?" ಎಂದಳು ಇಂದ್ರಾಣಿ. "ರಾಹುಕಾಲ ಇಲ್ಲ ಅಂತ ನಾನು ಹೇಳಿದ್ನಲ್ಲ?"

"ಇದನ್ನೆಲ್ಲ ಯಾರಾದ್ರೂ ಹೇಳ್ತಾರಾ?" ನಂಜೇಶನಿಗೆ ಬೇಸರ ಬಂದಿತ್ತು. "ಊಟಕ್ ಕೂತೋರಿಗೆ ಬಾಯಿ ತೆಗೀರಿ ಅಂತ ಹೇಳ್ತೀವಾ? ಲೋಕಕ್ಕೆಲ್ಲ ಗೊತ್ತಿರೋದು ನಿನಗೊಬ್ಳಿಗೆ ಗೊತ್ತಿಲ್ಲ ಅಂದ್ರೆ ಅದು ನನ್ನ ತಪ್ಪಾ?"

ಅಂಗಡಿಯ ಬಾಗಿಲಲ್ಲಿ ಬಿಳಿಗೆರೆಯ ಚನ್ನಾಜಮ್ಮ ಎಂಬ ಹಿರಿಯ ಹೆಂಗಸು ಮೊಮ್ಮಗಳು ಅರ್ಪಿತಳಿಗೆ ಕೊಂಡ ಸೈಕಲ್ಲಿಗೆ ಹೂವು ಸುತ್ತುತ್ತಿದ್ದರು. ಮಾತೆಲ್ಲ ಕಿವಿಗೆ ಬಿದ್ದಿತ್ತು. ಹೂವು ಅರ್ಧಕ್ಕೆ ನಿಂತಿತು.

"ಇದೂ ಹಂಗೇನಾ?"

"ಚಕ್ರನ ಮಂಡೀಲಿ ಹಿಡ್ಕಂಡು ನೋಡಿ ಅಮ್ಮಾರೆ," ಎಂದಳು ಇಂದ್ರಾಣಿ.

ಚನ್ನಾಜಮ್ಮ ಸೀರೆ ಎತ್ತಿ ಕಟ್ಟಿ, ಚಕ್ರವನ್ನು ಮಂಡಿಗಳ ನಡುವೆ ಹಿಡಿದು ಹ್ಯಾಂಡಲ್ ತಿರುವಿದರು. ಮಡಕೆಯ ಮುಚ್ಚಳದಂತೆ ಅದು ಸುತ್ತು ಬಂತು, ಹೂವಿನ ಸಮೇತ.

"ಅಯ್ಯೋ ನಿನ್ ಮನೆ ಹಾಳಾಗ! ನಮ್ ಮಗು ಈಗ್ತಾನೆ ಬೀದೀಲಿ ಒಂದ್ ಸುತ್ತು ಹೊಡ್ಕೊಂಡ್ ಬಂತಲ್ಲೋ ಇದ್ರ ಮ್ಯಾಲೆ! ಲಾರಿ ಓಡಾಡೋ ಬೀದೀಲಿ!"

ನಂಜೇಶ್ ಕುರ್ಚಿಯಿಂದ ಎದ್ದ. "ಅಮ್ಮ, ಅಮ್ಮ, ಕೂತ್ಕೊಳಿ. ಈಗ್ಲೇ ಬಿಗಿ ಮಾಡಿಸ್ತೀನಿ. ನಿಮಗ್ಯಾಕೆ ಯೋಚ್ನೆ? ಟೀ ತರಿಸ್ಲಾ?"

ಕೈ ಮುರಿದುಕೊಂಡು ಬಂದವಳಿಗೆ ಏಳದ ಕಾಲು ಏನೂ ಆಗದವರಿಗೆ ಎದ್ದಿತು. ಈ ಭಾಗವನ್ನು ಇಂದ್ರಾಣಿ ನನಗೆ ಹೇಳುವಾಗ ದನಿ ಏರಿಸಲಿಲ್ಲ. ಪುಟ್ಟಬಸವಯ್ಯ ಮೊದಲು ಚನ್ನಾಜಮ್ಮನವರ ಸೈಕಲ್ಲಿಗೂ ಆಮೇಲೆ ಇವಳದಕ್ಕೂ ಸ್ಪ್ಯಾನರ್ ಹಾಕಿದ. ಸೀಟೂ ಇಳಿಯಿತು. ಇವರು ಹೊರಡುವಾಗ ನಂಜೇಶ್ ಬುಟ್ಟಿಯಿಂದ ಒಂದು ನಿಂಬೆಹಣ್ಣು ತೆಗೆದು ಕೊಟ್ಟ. "ಈಗ್ಲಾದ್ರೂ ಚಕ್ರದ ಕೆಳಗಿಟ್ಟು ಹತ್ತಿಸ್ಕೊಂಡು ಹೋಗು."

ಇಂದ್ರಾಣಿ ಹಣ್ಣನ್ನು ಚೀಲಕ್ಕೆ ಹಾಕಿಕೊಂಡಳು. ಬೀದಿಯಲ್ಲಿ ರಾಜೇಂದ್ರ ಹ್ಯಾಂಡಲ್ಲಿನ ಗಂಟು ಬಿಚ್ಚತೊಡಗಿದ. ಗಟ್ಟಿಯಾಗಿ ಕಟ್ಟಿದ್ದ, ಹಲ್ಲಿನಿಂದ ಎಳೆಯಬೇಕಾಯಿತು.

"ಅಪ್ಪ ಕಟ್ಟಿದ್ದೊಂದೇ ಬಿಗಿಯಾಗಿ ಇದ್ದಿದ್ದು," ಎಂದಳು ಪವಿತ್ರ.

ರಾಜೇಂದ್ರ ನಾಚಿಕೊಂಡು ನಕ್ಕ. ಆಮೇಲೆ ಸೈಕಲ್ ಹತ್ತಿದವಳು ಪವಿತ್ರಳೇ. ದೇವನೂರಿನ ತನಕ ಅವಳೇ ತುಳಿದಳು. ಮೋರಿಯ ತಿರುವಿನಲ್ಲಿ ಮಾತ್ರ ಇಳಿದು, ಮಂಡಿಯಲ್ಲಿ ಚಕ್ರ ಹಿಡಿದು ಒಮ್ಮೆ ನೋಡಿಕೊಂಡಳು. ಅಂದು ಮನೆಯಲ್ಲಿ ಚಿತ್ರಾನ್ನ.

ನಾನು ಈ ಕಥೆಯನ್ನು ನಂಬಲಿಲ್ಲ. ಮೂರ್ಖತನಕ್ಕೂ ಒಂದು ಮಿತಿ ಇರುತ್ತದೆ ಎಂದುಕೊಂಡಿದ್ದೆ. ಒಂದು ಶುಕ್ರವಾರ ನಂಜನಗೂಡಿಗೆ ಹೋಗಿ, ಸೈಕಲ್ ಕೊಳ್ಳುವವಳಂತೆ ಆ ಅಂಗಡಿಯಲ್ಲಿ ಕೂತೆ. ನನ್ನ ಎದುರಿಗೇ ಒಂದಾದ ಮೇಲೊಂದು ಸೈಕಲ್ ಸಡಿಲ ಹ್ಯಾಂಡಲ್ಲಿನೊಂದಿಗೆ ಬೀದಿಗಿಳಿದವು. ಒಂದೇ ಒಂದು ಸುಧಾರಣೆ ಆಗಿತ್ತು. ನಂಜೇಶ್ ಈಗ ಪ್ರತಿಯೊಬ್ಬರನ್ನೂ "ಪೂಜೆ ಮಾಡಿಸ್ತೀರಾ?" ಎಂದು ಕೇಳುತ್ತಾನೆ. ಇಲ್ಲ ಎಂದವರಿಗೆ ಪುಟ್ಟಬಸವಯ್ಯ ಅಲ್ಲೇ ಸ್ಪ್ಯಾನರ್ ಹಾಕಿ ಕೊಡುತ್ತಾನೆ, ನಂಜೇಶ್ ಏಕವಚನಕ್ಕೆ ಇಳಿಯುತ್ತಾನೆ.

ಇಂದ್ರಾಣಿಯ ಕೈ ಕೂಡಿಕೊಂಡು ಅವಳು ಕೆಲಸಕ್ಕೆ ಮರಳಿದ ಮೇಲೆ, ನಾನು ಕಂಡದ್ದನ್ನು ಹೇಳಿದೆ. ಅವಳು ಸೈಕಲ್ಲಿಗೆ ಅಂಚೆ ಚೀಲ ಕಟ್ಟುತ್ತಿದ್ದಳು.

"ಹಂಗಾರೆ ಇನ್ಮೇಲೆ ನಮ್ಮೋರು ಬಿಗಿಯಾಗಿರೋದು ತತ್ತಾರೆ ಮೇಡಂ," ಎಂದಳು. "ಪಾಪ, ಪೂಜೆ ಮಾಡ್ಸೋರೇ ಸಡಿಲ ಇರೋದ್ರಲ್ಲಿ ಓಗ್ಬೇಕು."