ಓಡದ ಜನರೇಟರ್‌ಗೆ ವಾರವಾರ ಟಿಕ್

ಈ ಪರದೇಶದ ಹೇಸ್ ಊರಿನ ನಮ್ಮ ಕಟ್ಟಡದಲ್ಲಿ ಗ್ಯಾಸ್ ಇಲ್ಲ. ಒಲೆ, ಹೀಟರ್, ಬಿಸಿನೀರು ಎಲ್ಲವೂ ಕರೆಂಟಿನವೇ. ಫ್ಲ್ಯಾಟ್ ತೋರಿಸಿದ ದಿನ ಮ್ಯಾನೇಜರ್, ಕರೆಂಟ್ ಹೋದರೂ ಲಿಫ್ಟಿಗೆ ಮತ್ತು ಕೆಳಗಿನ ಹಾಲಿಗೆ ಡೀಸೆಲ್ ಜನರೇಟರ್ ಇದೆ ಎಂದಿದ್ದ. ನಾನು ಎರಡು ಸಲ ಕೇಳಿ ಖಚಿತಪಡಿಸಿಕೊಂಡಿದ್ದೆ. ಧಾರವಾಡದಿಂದ ಬಂದು ನಮ್ಮೊಂದಿಗಿರುವ ಅತ್ತೆಗೆ ಶ್ವಾಸಕೋಶದ ಕಾಯಿಲೆ. ಅವರ ಆಕ್ಸಿಜನ್ ಯಂತ್ರ ನಿಲ್ಲುವಂತಿಲ್ಲ. ಕರೆಂಟ್ ಹೋದರೆ ಲಿಫ್ಟಿನಲ್ಲಿ ಅವರನ್ನು ಹಾಲಿಗೆ ಇಳಿಸಿ ಅಲ್ಲಿ ಯಂತ್ರ ಓಡಿಸಬಹುದು ಎಂದುಕೊಂಡಿದ್ದೆ.

ಕಳೆದ ಚಳಿಗಾಲದಲ್ಲಿ, ಹಿಮ ಬಿದ್ದು ಗಟ್ಟಿಯಾಗಿದ್ದ ಒಂದು ಬೆಳಿಗ್ಗೆ, ಇಡೀ ಬೀದಿಯ ಕರೆಂಟ್ ಹೋಯಿತು. ತುರ್ತಿಗೆಂದು ಇಟ್ಟಿದ್ದ ಆಕ್ಸಿಜನ್ ಸಿಲಿಂಡರ್ ಎರಡು ಗಂಟೆಗೆ ಸಾಲುವಷ್ಟಿತ್ತು. ಆಸ್ಪತ್ರೆಗೆ ಫೋನ್ ಮಾಡಿದರೆ, ರಸ್ತೆ ಜಾರುತ್ತಿರುವುದರಿಂದ ಆಂಬ್ಯುಲೆನ್ಸ್ ತಡವಾಗುತ್ತದೆ ಎಂದರು.

"ಗಾಬರಿ ಆಗಬ್ಯಾಡವಾ, ನಾ ಅರಾಮ ಇದ್ದೀನಿ" ಎಂದರು ಅತ್ತೆ. ಅವರ ತುಟಿ ಅದಾಗಲೇ ಬಣ್ಣಗೆಟ್ಟಿತ್ತು.

ನಾಲ್ಕು ಮಹಡಿ ಇಳಿದು ಜನರೇಟರ್ ಕೋಣೆಗೆ ಓಡಿದೆ. ನಿವೃತ್ತಿಯ ಅಂಚಿನಲ್ಲಿದ್ದ ಕೇರ್‌ಟೇಕರ್ ಗುಂಡಿಯನ್ನು ಒತ್ತುತ್ತಲೇ ಇದ್ದ. ಯಂತ್ರ ಮಿಸುಕಲಿಲ್ಲ. ಗೋಡೆಯ ಮೇಲಿನ ಕಾರ್ಡಿನಲ್ಲಿ ಮಾತ್ರ ವಾರವಾರವೂ ಪರೀಕ್ಷೆಯಾಗಿದೆಯೆಂದು ಟಿಕ್ ಇತ್ತು.

"ಕೊನೇ ಸಲ ಯಾವಾಗ ಸ್ಟಾರ್ಟ್ ಮಾಡಿದ್ರಿ?"

"ನಾನು ಬಂದಮೇಲೆ ಮಾಡೇ ಇಲ್ಲ. ಟಿಕ್ ಹಾಕು ಸಾಕು ಅಂದಿದ್ರು ಮ್ಯಾನೇಜರ್."

ಕಾರ್ಡಿನ ಫೋಟೊ ತೆಗೆದುಕೊಂಡೆ. ಅಷ್ಟರಲ್ಲಿ ಕೇರ್‌ಟೇಕರನೇ ಬೀದಿಯಾಚೆಯ ಎದುರು ಮನೆಯ ಮುದುಕರೊಬ್ಬರನ್ನು ಕರೆತಂದ. ಅವರ ಸೋಲಾರ್ ಫಲಕಗಳು ಹಿಮದಡಿ ಹೂತಿದ್ದವು, ಆದರೆ ಗ್ಯಾರೇಜಿನ ಬ್ಯಾಟರಿಯಲ್ಲಿ ಕರೆಂಟ್ ತುಂಬಿತ್ತು. ಇಬ್ಬರೂ ಅತ್ತೆಯನ್ನು ಕುರ್ಚಿಯಲ್ಲಿ ಕೂರಿಸಿ ಮೆಟ್ಟಿಲು ಇಳಿಸಿದರು. ಯಂತ್ರ ಹೊತ್ತು ನಾನು ಹಿಂದೆ ನಡೆದೆ. ಸಂಜೆ ಕರೆಂಟ್ ಬರುವವರೆಗೆ ಅತ್ತೆ ಆ ಮನೆಯಲ್ಲೇ ಉಸಿರಾಡಿದರು.

ಮುಂದಿನ ವಾರ ನಿವಾಸಿಗಳ ಸಭೆ. "ಆ ದಿನ ಗಾಳಿ ಬೀಸಲಿಲ್ಲ. ಕರೆಂಟಿಗೆ ಗಾಳಿಯಂತ್ರಗಳನ್ನು ನಂಬಿಕೊಂಡರೆ ಹೀಗೇ ಆಗೋದು" ಎಂದ ಮ್ಯಾನೇಜರ್. ಬೀದಿಯಡಿಯ ಹಳೆಯ ಕೇಬಲ್ ಸುಟ್ಟಿತ್ತೆಂದು ರಿಪೇರಿಗೆ ಬಂದವರು ನಮಗೆಲ್ಲ ಹೇಳಿಹೋಗಿದ್ದರು. ಆದರೂ ಅರ್ಧ ಗಂಟೆ ಕರೆಂಟಿಗೆ ಗಾಳಿ ಒಳ್ಳೆಯದೋ, ಗ್ಯಾಸ್ ಒಳ್ಳೆಯದೋ, ಅಣುಶಕ್ತಿ ಒಳ್ಳೆಯದೋ ಎಂದು ಚರ್ಚೆ ನಡೆಯಿತು. ನಾನು ಎದ್ದು ಫೋಟೊ ತೋರಿಸಿದೆ.

"ಈ ಟಿಕ್‌ಗಳನ್ನೂ ಗಾಳಿಯೇ ಹಾಕಿತಾ?"

ಅವನು ಕಾಗದಪತ್ರದ ಸಣ್ಣ ತಪ್ಪು ಎಂದ. ಸಣ್ಣದು! ಒಬ್ಬ ಹೆಂಗಸಿನ ಉಸಿರು ಆ ಕಾರ್ಡನ್ನು ನಂಬಿಕೊಂಡಿತ್ತು.

ಜನರೇಟರನ್ನು ಸ್ಟಾರ್ಟ್ ಮಾಡುವ ಬ್ಯಾಟರಿ ಸತ್ತಿತ್ತು, ಅದಕ್ಕೆ ಹೊಸದು ಬಂತು. ಈಗ ಪರೀಕ್ಷೆಯ ಹೊತ್ತಿಗೆ ನಿವಾಸಿಗಳಲ್ಲೊಬ್ಬರು ಪಕ್ಕದಲ್ಲಿ ನಿಲ್ಲುತ್ತಾರೆ. ಮ್ಯಾನೇಜರ್ ತನ್ನ ಜಾಗದಲ್ಲೇ ಇದ್ದಾನೆ. ಸುಳ್ಳು ಟಿಕ್ ಹಾಕಿದನೆಂದು ಕೆಲಸ ಹೋದದ್ದು ಕೇರ್‌ಟೇಕರ್‌ನದು. ಅವನ ಪರವಾಗಿ ಕಟ್ಟಡದ ಮಾಲೀಕರಿಗೆ ನಾನು ಬರೆದ ಮೂರು ಪತ್ರಗಳಿಗೆ ಇವತ್ತಿಗೂ ಉತ್ತರವಿಲ್ಲ.